ಕುದನೆಯ ಬೇರಿಗೆ ಟೊಮೆಟೊ

ಮೂವತ್ತೊಂದು ಬೀಜ. ಕೂಸಪ್ಪ ಕನ್ನಡಕ ಹಾಕಿ ಒಂದು ಸಲ ಎಣಿಸಿದ, ಕನ್ನಡಕ ತೆಗೆದಿಟ್ಟು ಬೆರಳ ತುದಿಯಲ್ಲಿ ಇನ್ನೊಂದು ಸಲ ಎಣಿಸಿದ. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ದೀಪಾವಳಿ ಕಳೆದು ನಾಲ್ಕು ದಿನವಾಗಿತ್ತು. ಮಳೆ ಹಿಂದೆ ಸರಿದು, ಬೆಳಗಿನ ಹೊತ್ತು ಜಗಲಿಯ ಸಿಮೆಂಟು ಕಾಲಿಗೆ ತಣ್ಣಗೆ ತಾಗತೊಡಗಿತ್ತು. ಟೊಮೆಟೊ ಬೀಜ ಹಾಕಲು ಅದೇ ಸಮಯ. ಕರಾವಳಿಯ ಚಳಿ ಎಂದರೆ ದೂರದ ನೆಂಟರ ಹಾಗೆ. ಬರುವುದು ತಡ, ಹೊರಡಲು ಅವಸರ. ಅದು ಇರುವ ಎರಡೂವರೆ ಮೂರು ತಿಂಗಳಲ್ಲಿ ಬೀಜ ಮೊಳೆತು, ಗಿಡ ಎದ್ದು, ಹೂ ಕಾಯಿ ಕಚ್ಚಬೇಕು. ಫೆಬ್ರವರಿ ನಡು ದಾಟಿತೋ, ಹೂವೆಲ್ಲ ನೆಲದ ಪಾಲು.

ಕೂಸಪ್ಪನ ಮನೆ ಶಂಕರಪುರದ ಮಲ್ಲಿಗೆ ತೋಟಗಳ ನಡುವೆ, ಮುರಕಲ್ಲಿನ ಪಾಗಾರದ ಗೋಡೆಯ ಒಳಗೆ. ಮೂವತ್ತೈದು ವರ್ಷ ಮೂರ್ತೆ ಮಾಡಿದವನು ಅವನು. ತೆಂಗಿನ ಮರ ಹತ್ತಿ, ಹೊಂಬಾಳೆಯ ತುದಿ ಕೆತ್ತಿ, ಶೇಂದಿ ಇಳಿಸಿ ಸಂಸಾರ ಸಾಕಿದವನು. ಮೊಣಕಾಲು ಇನ್ನು ಸಾಕು ಎಂದ ಮೇಲೆ ಮರ ಬಿಟ್ಟು ನೆಲಕ್ಕೆ ಇಳಿದ. ಹೆಂಡತಿ ಸುಂದರಿ ನೆರೆಮನೆಯ ಸಿಲ್ವೆಸ್ಟರನ ತೋಟದ ಮಲ್ಲಿಗೆ ಮೊಗ್ಗನ್ನು ಬಾಳೆ ನಾರಿನಲ್ಲಿ ಕಟ್ಟಿಕೊಡುತ್ತಾಳೆ. ಮಗಳು ಸ್ವರ್ಣಲತಾ ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ, ಗಂಡನೊಡನೆ ಅಲ್ಲಿಯೇ ಮನೆ. ಆದಿತ್ಯವಾರ ಬಸ್ಸು ಹತ್ತಿ ಬಂದು ಹೋಗುತ್ತಾಳೆ.

ಆ ಟೊಮೆಟೊ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಕೂಸಪ್ಪನಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಊರಲ್ಲಿ ಕೆಲಸವಿಲ್ಲದೆ ಕಾರ್ಕಳದ ದಾರಿಯಾಗಿ ಘಟ್ಟ ಹತ್ತಿ, ಒಂದು ಕಾಫಿ ತೋಟದಲ್ಲಿ ಒಂಬತ್ತು ತಿಂಗಳು ಇದ್ದ. ಅಲ್ಲಿನ ಅಡಿಗೆಯವನು ಚೆನ್ನಪ್ಪ ಕೆಲಸಗಾರರ ಸಾಲುಮನೆಯ ಹಿಂದೆ ಬೆಳೆಸುತ್ತಿದ್ದ ಗಿಡ ಅದು. ಹಣ್ಣು ಚಿಕ್ಕದು, ಮೈಮೇಲೆ ಸಿಹಿಗುಂಬಳದ ಹಾಗೆ ಉಬ್ಬು ತಗ್ಗು, ಹುಳಿ ಎಂದರೆ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುವ ಹುಳಿ. ಊರಿಗೆ ಇಳಿಯುವಾಗ ಕೂಸಪ್ಪ ಒಂದು ಹಣ್ಣು ಕೇಳಿ ತಂದ. "ಚಳಿಯ ಗಿಡ ಮಾರಾಯ ಇದು, ನಿಮ್ಮ ಕಡಲಿನ ಬದಿಯಲ್ಲಿ ಬದುಕುವುದಿಲ್ಲ" ಎಂದಿದ್ದ ಚೆನ್ನಪ್ಪ. ಬದುಕಿತು. ಮೊದಲ ವರ್ಷ ಎರಡು ಕಾಯಿ, ಮರುವರ್ಷ ಏಳು. ಸೆಕೆ ತಾಳಿಕೊಂಡು ಹೂ ಹಿಡಿದ ಗಿಡದ ಬೀಜವನ್ನೇ ಆರಿಸಿ ಆರಿಸಿ ಕೂಸಪ್ಪ ಅದನ್ನು ನಲವತ್ತೆಂಟು ಚಳಿಗಾಲ ದಾಟಿಸಿದ. ಒಂದು ಕಾಲಕ್ಕೆ ಕಾಪುವಿನಿಂದಲೂ ಸಸಿ ಕೇಳಿಕೊಂಡು ಜನ ಬರುತ್ತಿದ್ದರು. ಆಮೇಲೆ ಪ್ಯಾಕೆಟಿನ ಬೀಜ ಬಂತು, ಲಾರಿಯ ಟೊಮೆಟೊ ಬಂತು, ಕೇಳುವವರು ನಿಂತರು. ಈಗ ಆ ಬೀಜ ಅವನಲ್ಲಿ ಬಿಟ್ಟರೆ ಬೇರೆ ಯಾರಲ್ಲಿಯೂ ಇಲ್ಲ. ಅವನಲ್ಲಿಯೂ, ಹಿಂದಿನ ಎರಡು ವರ್ಷ ಗಿಡಗಳೆಲ್ಲ ಕಾಯಿ ಬಿಡುವ ಮೊದಲೇ ಬಾಡಿ ಸತ್ತು, ಹಳೆಯ ಬೀಜದಲ್ಲಿ ಉಳಿದದ್ದು ಇಷ್ಟೇ. ಈ ಸಲ ಒಂದು ಹಣ್ಣಾದರೂ ಆಗದಿದ್ದರೆ ಅಲ್ಲಿಗೆ ಮುಗಿಯಿತು.

"ನನ್ನ ಕೈಗೆ ಬಂದದ್ದು ನನ್ನ ಕೈಯಲ್ಲಿ ಮುಗಿಯಬಾರದು" ಎಂದು ಸುಂದರಿಯ ಹತ್ತಿರ ಒಂದು ಸಲ ಹೇಳಿದ. ಒಂದು ಮಾತನ್ನು ಎರಡು ಸಲ ಹೇಳುವ ಅಭ್ಯಾಸ ಅವನಿಗಿಲ್ಲ.

ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಬಚ್ಚಲಿನ ಹಂಡೆಯ ಬದಿಯಲ್ಲಿ ಇಟ್ಟ. ಮೊಳಕೆ ಒಡೆಯುವಾಗ ಬಿಸಿ ಬೇಕು, ಬೆಳೆಯುವಾಗ ತಂಪು ಬೇಕು, ಅದರ ಹಟ ಹಾಗೆ. ಆರನೆಯ ದಿನ ಬಿಡಿಸಿ ನೋಡಿದರೆ ಹದಿನೇಳಕ್ಕೆ ಬಿಳಿ ಬಾಲ ಬಂದಿತ್ತು. ಉಳಿದ ಹದಿನಾಲ್ಕನ್ನು ಇನ್ನೂ ನಾಲ್ಕು ದಿನ ಕಾದ. ಬರಲಿಲ್ಲ.

ಸಸಿಗಳು ಗೇಣುದ್ದವಾಗುವ ಹೊತ್ತಿಗೆ ಸಿಲ್ವೆಸ್ಟರ್ ಪಾಗಾರದ ಮೇಲೆ ಮೊಣಕೈ ಊರಿ ನಿಂತ.

"ಕೂಸಪ್ಪಣ್ಣ, ಆದಿ ಉಡುಪಿಯ ಸಂತೆಯಲ್ಲಿ ಟೊಮೆಟೊ ರಾಶಿ ಬಿದ್ದುಂಟು. ನೀವು ಇಲ್ಲಿ ಹದಿನೇಳು ಗಿಡಕ್ಕೆ ತೊಟ್ಟಿಲು ತೂಗುದಾ?"

"ಅದು ಸಂತೆಯದ್ದು, ಪೊರ್ಬುಗಳೇ." ಊರಲ್ಲಿ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವುದು ಹಾಗೆ.

"ಇದು ಎಂತ, ಚಿನ್ನದ್ದಾ?"

"ಹುಳಿಯದ್ದು."

"ಹುಳಿ ಬೇಕಾದ್ರೆ ನಮ್ಮ ಬಿಂಬುಳಿ ಮರ ಉಂಟಲ್ಲ ಮಾರಾಯ್ರೆ, ಬುಟ್ಟಿ ತಕೊಂಡು ಬನ್ನಿ!" ಸಿಲ್ವೆಸ್ಟರ್ ನಕ್ಕ. ಕೂಸಪ್ಪನೂ ನಕ್ಕ, ಆದರೆ ಕೈ ಸಸಿಯ ಬುಡ ಬಿಡಲಿಲ್ಲ.

ಮೊದಲಿಗೆ ಆರು ಸಸಿಗಳನ್ನು ಹಳೆಯ ಜಾಗದಲ್ಲಿಯೇ ನೆಟ್ಟ. ಮಳೆಗಾಲದ ಮೊದಲೇ ಸುಣ್ಣ ಹಾಕಿ, ಸುಡುಮಣ್ಣು ಹಾಕಿ ಹದ ಮಾಡಿದ್ದ. ಈ ಸಲ ತಡೆಯಬಹುದು ಎಂದು ಅವನ ಲೆಕ್ಕ. ಹನ್ನೆರಡು ದಿನ ನೆಟ್ಟಗಿದ್ದವು. ಹದಿಮೂರನೆಯ ದಿನ ಮಧ್ಯಾಹ್ನ ಒಂದರ ತಲೆ ಬಾಗಿತು. ಎಲೆ ಹಳದಿಯಾಗಲಿಲ್ಲ, ಹುಳ ತಿನ್ನಲಿಲ್ಲ, ಹಸಿರಾಗಿಯೇ ಸೋತಿತು. ಸಂಜೆಗೆ ಎದ್ದಿತು, ಮರುದಿನ ಮತ್ತೆ ಬಿದ್ದಿತು, ಮೂರನೆಯ ದಿನ ಏಳಲಿಲ್ಲ. ವಾರದೊಳಗೆ ಆರೂ ಹಾಗೆಯೇ ಹೋದವು.

ಆದಿತ್ಯವಾರ ಬಂದ ಸ್ವರ್ಣಲತಾ ಬ್ಯಾಗು ಇಡುವ ಮೊದಲೇ ಅಂಗಳಕ್ಕೆ ಹೋದಳು. ಬಾಡಿದ ಗಿಡದ ದಂಟನ್ನು ತುಂಡು ಮಾಡಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗುವಂತೆ ಹಿಡಿದಳು. "ಅಪ್ಪ, ಇಲ್ಲಿ ನೋಡಿ."

ಕತ್ತರಿಸಿದ ಬಾಯಿಯಿಂದ ಹಾಲಿನ ಹಾಗೆ ಬಿಳಿ ಎಳೆಯೊಂದು ನೀರಿನೊಳಗೆ ಇಳಿಯುತ್ತಿತ್ತು, ಮೆಲ್ಲಗೆ, ಊದುಬತ್ತಿಯ ಹೊಗೆಯನ್ನು ತಲೆಕೆಳಗೆ ಮಾಡಿದ ಹಾಗೆ.

"ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ಉಂಟು. ಬೇರಿನಿಂದ ಹತ್ತಿ ನೀರಿನ ದಾರಿಯನ್ನೇ ಕಟ್ಟಿಬಿಡ್ತದೆ."

"ಮದ್ದು?"

"ಇಲ್ಲ ಅಪ್ಪ. ಚೀಲದಲ್ಲಿ ಬೇರೆ ಮಣ್ಣು ತುಂಬಿ ನೆಟ್ಟು ನೋಡಬಹುದು."

"ಹೋದ ವರ್ಷ ಅದೇ ಮಾಡಿದ್ದಲ್ವಾ? ನೀರು ಇದೇ, ಗೊಬ್ಬರ ಇದೇ. ಹೋಯಿತು."

ಸುಂದರಿ ಜಗಲಿಯಲ್ಲಿ ಹೂ ಕಟ್ಟುತ್ತಿದ್ದವಳು ತಲೆ ಎತ್ತದೆ ಹೇಳಿದಳು, "ಬೆಂಡೆ ಹಾಕಿ ಅಂತ ನಾನು ಬಾಯಿ ಬಡಕೊಂಡದ್ದು. ಬೆಂಡೆಗೆ ಈ ಹಣೆಬರಹ ಇಲ್ಲ."

ಮಗಳು ಊಟ ಮಾಡಿ ಬಸ್ಸಿಗೆ ಹೋದ ಮೇಲೂ ಕೂಸಪ್ಪ ಸತ್ತ ಗಿಡಗಳ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೇ ಇದ್ದ. ಕಿತ್ತು ಸುಡುವ ಮೊದಲು ಒಂದು ಸಲ ಸರಿಯಾಗಿ ನೋಡಬೇಕು ಎಂದು ಕೂತವನು. ಆಗ ಕಣ್ಣಿಗೆ ಬಿದ್ದದ್ದು ಕುದನೆ. ಸಾಲಿನ ನಡುವೆ ತಾನಾಗಿ ಹುಟ್ಟಿದ ಕಾಡು ಬದನೆಯ ಗಿಡ, ಬಟಾಣಿಯಷ್ಟು ಕಾಯಿ ಬಿಡುವ ಜಾತಿ, ಮೈಯೆಲ್ಲ ಮುಳ್ಳು. ಪ್ರತಿ ವರ್ಷ ಕಿತ್ತು ಬಿಸಾಡುತ್ತಿದ್ದ, ಪ್ರತಿ ವರ್ಷ ಅದೇ ಜಾಗದಲ್ಲಿ ಎದ್ದು ಬರುತ್ತಿತ್ತು. ಅತ್ತ ಮೂರು ಟೊಮೆಟೊ ಸತ್ತಿದ್ದವು, ಇತ್ತ ಮೂರು ಸತ್ತಿದ್ದವು, ನಡುವೆ ಇದು ಅಂಗೈಯಗಲದ ಎಲೆ ಬಿಡಿಸಿಕೊಂಡು ಏನೂ ಆಗದವರ ಹಾಗೆ ನಿಂತಿತ್ತು. ಅದೇ ಮಣ್ಣು, ಅದೇ ನೀರು.

ಟೊಮೆಟೊ, ಬದನೆ, ಕುದನೆ ಎಲ್ಲ ಒಂದೇ ಬಳಗ. ಹೂ ನೋಡಿದರೇ ಗೊತ್ತಾಗುತ್ತದೆ, ಅದಕ್ಕೆ ಶಾಲೆ ಬೇಡ. ಸಿಲ್ವೆಸ್ಟರನ ಹಿತ್ತಲಿನ ಚಿಕ್ಕು ಕಸಿ ಕಟ್ಟಿದ ಮರವೇ. ಹಾಗಾದರೆ ಕುದನೆಯ ಬೇರಿನ ಮೇಲೆ ಟೊಮೆಟೊದ ತಲೆ ಕೂರಿಸಿದರೆ?

ಸಂಜೆ ಮಗಳಿಗೆ ಫೋನು ಮಾಡಿ ಕೇಳಿದ. ಅರ್ಧ ಗಂಟೆ ಬಿಟ್ಟು ಅವಳೇ ತಿರುಗಿ ಮಾಡಿದಳು. "ಮಾಡ್ತಾರೆ ಅಪ್ಪ! ವೀಡಿಯೊ ಎಲ್ಲ ಉಂಟು. ಆದ್ರೆ ಅವರಿಗೆ ಸಣ್ಣ ಸಣ್ಣ ಕ್ಲಿಪ್ಪು ಉಂಟು, ಬ್ಲೇಡು ಉಂಟು, ಗಾಜಿನ ಮನೆ ಉಂಟು."

"ಬ್ಲೇಡು ನಮ್ಮಲ್ಲಿ ಉಂಟು" ಎಂದ ಕೂಸಪ್ಪ.

ಮರುದಿನ ಬೆಳಿಗ್ಗೆ ರಸ್ತೆ ಬದಿಯಿಂದ ಪೆನ್ಸಿಲಿನ ದಪ್ಪದ ಹನ್ನೆರಡು ಕುದನೆ ಗಿಡಗಳನ್ನು ಬೇರು ಸಹಿತ ಎಬ್ಬಿಸಿ ತಂದು ಹಾಲಿನ ಖಾಲಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ನೆಟ್ಟ. ಅವು ಬೇರು ಹಿಡಿಯಲು ಹತ್ತು ದಿನ ಬಿಟ್ಟ. ಆಮೇಲೆ ಮೂರ್ತೆಯ ಕತ್ತಿಯನ್ನು ಹೊರಗೆ ತೆಗೆದು, ಬಿಳಿಗಲ್ಲಿನ ಹುಡಿ ಉದುರಿಸಿದ ಹಲಗೆಯ ಮೇಲೆ ಮಸೆದ. ಉಗುರಿನ ಮೇಲೆ ಇಟ್ಟರೆ ಜಾರದಷ್ಟು ಹರಿತ. ಉಳಿದ ಹನ್ನೊಂದು ಸಸಿಗಳಲ್ಲಿ ಆರನ್ನು ಆರಿಸಿದ. ಕುದನೆಯ ತಲೆ ಕಡಿದು ದಂಟನ್ನು ನಡುವೆ ಸೀಳಿದ, ಟೊಮೆಟೊ ಕುಡಿಯ ಬುಡವನ್ನು ಎರಡೂ ಬದಿ ಕೆತ್ತಿ ಬೆಣೆಯ ಹಾಗೆ ಮಾಡಿ ಸೀಳಿಗೆ ಇಳಿಸಿದ. ಎರಡರ ಸಿಪ್ಪೆಗೆ ಸಿಪ್ಪೆ ಕೂಡಿತು. ನಾರಿನಿಂದ ಬಿಗಿದು ಕಟ್ಟಿ, ಮೇಲೆ ಹಸಿ ಆವೆಮಣ್ಣು ಮೆತ್ತಿದ. ಪ್ರತಿದಿನ ಬೆಳಿಗ್ಗೆ ಸಂಜೆ ಮಣ್ಣು ಒಣಗದಂತೆ ಬೆರಳಿನಿಂದ ಒದ್ದೆ ಮಾಡಿ ಹೊಸದಾಗಿ ಸವರಿದ.

ಐದನೆಯ ದಿನ ಆರೂ ಕಪ್ಪಾಗಿ ಕೊಳೆತವು.

ಇಷ್ಟು ನೀಟಾಗಿ ಮಾಡಿದ ಕೆಲಸ ಯಾಕೆ ಕೆಟ್ಟಿತು ಎಂದು ಅವನಿಗೆ ಅರ್ಥವಾಗಲಿಲ್ಲ. ಕೊಳೆತ ಒಂದನ್ನು ಜಗಲಿಯಲ್ಲಿ ಇಟ್ಟುಕೊಂಡು ನಾರು ಬಿಚ್ಚುತ್ತಿದ್ದ. ಸುಂದರಿ ಹೂವಿನ ಬುಟ್ಟಿ ಸರಿಸಿ ಹತ್ತಿರ ಬಂದಳು, ದಂಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇದು ಯಾರು ಕಟ್ಟಿದ್ದು?"

"ನಾನೇ. ಇನ್ನು ಯಾರು?"

"ಹೊಂಬಾಳೆ ಕಟ್ಟಿದ ಹಾಗೆ ಕಟ್ಟಿದ್ದೀರಿ. ನೋಡಿ, ಕುತ್ತಿಗೆ ಹಿಚುಕಿ ಹೋಗಿದೆ. ಮೇಲೆ ಈ ಮಣ್ಣು ಎಂತಕ್ಕೆ?"

"ಕೊಯ್ದ ಜಾಗ ಒಣಗಬಾರದಲ್ಲ."

"ಶೇಂದಿ ಇಳಿಯಬೇಕಾದ್ರೆ ಒಣಗಬಾರದು. ಇಲ್ಲಿ ನಿಮಗೆ ಶೇಂದಿ ಬೇಕಾ, ಗಿಡ ಬೇಕಾ?"

ಕೂಸಪ್ಪ ಬಿಚ್ಚಿದ ನಾರನ್ನು ನೋಡಿದ. ಮೂವತ್ತೈದು ವರ್ಷ ಅವನ ಕೈ ಕಲಿತದ್ದು ಒಂದೇ ವಿದ್ಯೆ: ಗಾಯ ಆರದ ಹಾಗೆ ನೋಡಿಕೊಳ್ಳುವುದು. ದಿನಕ್ಕೆ ಎರಡು ಸಲ ಹೊಸದಾಗಿ ಕೆತ್ತು, ಬಿಗಿದು ಕಟ್ಟು, ಮಣ್ಣು ಸವರು, ಬಾಯಿ ಮುಚ್ಚಲು ಬಿಡಬೇಡ. ಆರಿದರೆ ಮರ ಬತ್ತಿತು, ಅನ್ನ ಹೋಯಿತು. ಈ ಆರು ಗಿಡಕ್ಕೂ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತ್ತು. ಇಲ್ಲಿ ಬೇಕಾದದ್ದು ಅದರ ತಿರುವುಮುರುವು.

"ಕೊಯ್ಯುವುದು ನೀವು ಕೊಯ್ಯಿರಿ. ನಿಮ್ಮಷ್ಟು ತೆಳ್ಳಗೆ ಯಾರಿಗೂ ಬರುದಿಲ್ಲ" ಎಂದಳು ಸುಂದರಿ. "ಕಟ್ಟುವುದು ನಾನು ಕಟ್ತೇನೆ. ಕಟ್ಟಿದ ಮೇಲೆ ನೀವು ಕೈ ಹಾಕ್ಲಿಕ್ಕಿಲ್ಲ."

"ಬೆಂಡೆ ಹಾಕಬೇಕು ಅಂತಿದ್ದೆ ನೀನು?"

"ಬೆಂಡೆ ಮುಂದಿನ ವರ್ಷ. ಈಗ ಮಾತಾಡಬೇಡಿ, ಹಲಗೆ ತನ್ನಿ."

ಉಳಿದದ್ದು ಐದೇ ಸಸಿ, ಮಾಡಿದರೆ ಎಲ್ಲವನ್ನೂ ಒಟ್ಟಿಗೆ ಮಾಡಬೇಕು. ಚಳಿ ಇನ್ನೊಂದು ಸಲಕ್ಕೆ ಕಾಯುವುದಿಲ್ಲ. ಕ್ರಿಸ್ಮಸ್ಸಿಗೆ ಮೂರು ದಿನ ಇತ್ತು. ಕತ್ತಿಯನ್ನು ಬಿಸಿನೀರಿನಲ್ಲಿ ಕುದಿಸಿದ. ಅದು ಮಗಳ ಆಜ್ಞೆ. ಅವನು ಕೊಯ್ದು ಕೂಡಿಸಿ ಹಿಡಿದ, ಅವಳು ನೀರಲ್ಲಿ ನೆನೆದ ಬಾಳೆ ನಾರಿನ ಎಳೆ ತೆಗೆದು ಕಟ್ಟಿದಳು. ಮಲ್ಲಿಗೆಯ ತೊಟ್ಟು ಎಂದರೆ ಹಸುಳೆಯ ಬೆರಳು. ಬಿಗಿಯಾದರೆ ತುಂಡಾಗುತ್ತದೆ, ಸಡಿಲವಾದರೆ ಮಾಲೆ ಉದುರುತ್ತದೆ. ಆ ಎರಡರ ನಡುವಿನ ಗಂಟು ಅವಳ ಬೆರಳಿಗೆ ಕಣ್ಣು ಮುಚ್ಚಿದರೂ ಬರುತ್ತದೆ. ಐದು ಗಿಡ, ಐದು ಗಂಟು. ಕೂಸಪ್ಪ ಗಂಟಿನ ಮೇಲೆ ಬೆರಳಾಡಿಸಲು ಹೋದ. ಅವಳು ಕೈಗೆ ಪಟ್ಟನೆ ಹೊಡೆದಳು.

ಗಾಜಿನ ಮನೆಗೆ ಬದಲು ದನದ ಹಟ್ಟಿಯ ಬದಿಯ ನೆರಳಿನಲ್ಲಿ ನೆಲಕ್ಕೆ ನೀರು ಚಿಮುಕಿಸಿ, ಒಂದೊಂದರ ಮೇಲೆ ಒಂದೊಂದು ಮಣ್ಣಿನ ಮಡಕೆ ಬೋರಲು ಹಾಕಿದರು. ಒಳಗೆ ಕತ್ತಲೆ, ತಂಪು, ಪಸೆ. ನಾಲ್ಕು ದಿನ ತೆರೆಯಲಿಕ್ಕಿಲ್ಲ ಎಂದು ಫೋನಿನಲ್ಲಿ ಸ್ವರ್ಣಲತಾ ಹೇಳಿದಳು. ನಾಲ್ಕು ದಿನ ಸುಮ್ಮನಿರುವುದು ಕೂಸಪ್ಪನಿಗೆ ನಲವತ್ತು ಮರ ಹತ್ತಿ ಇಳಿದಷ್ಟು ಕಷ್ಟವಾಯಿತು.

ಹಬ್ಬದ ದಿನ ಸಿಲ್ವೆಸ್ಟರ್ ಕುಸ್ವಾರ್ ತಿಂಡಿಯ ತಟ್ಟೆ ಹಿಡಿದುಕೊಂಡು ಬಂದ. ತಟ್ಟೆಯನ್ನು ಸುಂದರಿಯ ಕೈಗೆ ಕೊಟ್ಟು, ಸಾಲಾಗಿ ಬೋರಲು ಬಿದ್ದಿದ್ದ ಮಡಕೆಗಳನ್ನು ಕಂಡು ಕಣ್ಣರಳಿಸಿದ.

"ಇದು ಎಂತ ಕೂಸಪ್ಪಣ್ಣ, ಹಳೆ ವ್ಯಾಪಾರ ಪುನಃ ಶುರುವಾ? ಹಬ್ಬಕ್ಕೆ ಒಂದು ಕುಡ್ತೆ ಶೇಂದಿ ನಮಗೂ..." ಎಂದು ಬಗ್ಗಿ ಒಂದು ಮಡಕೆಗೆ ಕೈ ಹಾಕಿದ.

"ಮುಟ್ಟಬೇಡಿ!"

ಸಿಲ್ವೆಸ್ಟರ್ ಬಗ್ಗಿದಲ್ಲಿಯೇ ನಿಂತ. ನೆರೆಮನೆಯಲ್ಲಿ ಇಷ್ಟು ವರ್ಷ ಇದ್ದು ಕೂಸಪ್ಪನ ಸ್ವರ ಅಷ್ಟು ಎತ್ತರ ಹೋದದ್ದನ್ನು ಅವನು ಕೇಳಿರಲಿಲ್ಲ. ಸುಂದರಿಯೂ ಕೇಳಿರಲಿಲ್ಲ. ಕೂಸಪ್ಪನಿಗೇ ನಾಚಿಕೆಯಾಗಿ, "ಒಳಗೆ ಟೊಮೆಟೊ" ಎಂದ ಮೆಲ್ಲಗೆ.

"ಟೊಮೆಟೊಕ್ಕೆ ಬಾಣಂತನವಾ!" ಸಿಲ್ವೆಸ್ಟರ್ ಬಿದ್ದು ಬಿದ್ದು ನಕ್ಕ. ಆದರೆ ಹೋಗುವಾಗ ಪಾಗಾರದ ಹತ್ತಿರ ನಿಂತು, "ಎಷ್ಟು ಉಂಟು ಒಳಗೆ?" ಎಂದು ಕೇಳಿದ. ಐದು ಎಂದ ಕೂಸಪ್ಪ. ಆಮೇಲೆ ದಿನಾ ಬೆಳಿಗ್ಗೆ ಸಿಲ್ವೆಸ್ಟರನ ಮೊದಲ ಪ್ರಶ್ನೆ ಅದೇ ಆಯಿತು: "ಬಾಣಂತಿಯರು ಹೇಗಿದ್ದಾರೆ?"

ಮಡಕೆ ಎತ್ತಿದಾಗ ಮೂರು ಹಿಡಿದಿದ್ದವು. ಎರಡು ಒಣಗಿದ್ದವು. ಮೂರರ ಕುಡಿ ಎಷ್ಟು ಎಳೆಯದೆಂದರೆ ಬೆಳಕಿಗೆ ಹೆದರಿದ ಹಾಗೆ ಬಿಳಿಚಿಕೊಂಡಿತ್ತು. ಕೂಸಪ್ಪ ದಿನಕ್ಕೆ ಅಷ್ಟಷ್ಟೇ ಹೊತ್ತು ಮಡಕೆ ಸರಿಸಿ ಬೆಳಕು ಅಭ್ಯಾಸ ಮಾಡಿಸಿದ. ಜನವರಿಯ ಮೊದಲ ವಾರ ಮೂರನ್ನೂ ಅದೇ ರೋಗದ ಮಣ್ಣಿನಲ್ಲಿ ನೆಟ್ಟ. ಬೇರೆ ಎಲ್ಲಿ ನೆಟ್ಟರೂ ಮುಂದಿನ ವರ್ಷ ಅದು ಅಲ್ಲಿಗೂ ಬಂದೀತು, ಎದುರಿಸುವುದಾದರೆ ಇಲ್ಲಿಯೇ.

ಹದಿನೈದು ದಿನ ಚೆನ್ನಾಗಿ ಎದ್ದವು. ಗಾಳಿಗೆ ಅಲುಗಾಡಬಾರದೆಂದು ಮೂರನೆಯ ಗಿಡದ ಬುಡಕ್ಕೆ ಕೂಸಪ್ಪ ಮಣ್ಣು ಏರಿಸಿದ, ಟೊಮೆಟೊಕ್ಕೆ ಯಾವತ್ತೂ ಮಾಡುವ ಹಾಗೆ. ಆ ಮಣ್ಣು ಗಂಟಿನ ಮೇಲಕ್ಕೆ ಏರಿತು. ಮೇಲಿನ ಟೊಮೆಟೊ ದಂಟು ತನ್ನದೇ ಬೇರು ಬಿಟ್ಟು ಮಣ್ಣಿಗೆ ಇಳಿಸಿತು. ಒಂದು ಮಧ್ಯಾಹ್ನ ಅದರ ತಲೆ ಹಸಿರಾಗಿಯೇ ಬಾಗಿತು. ಕಿತ್ತು ನೋಡಿದಾಗ ಟೊಮೆಟೊದ ಬಿಳಿ ಬೇರು ಕಂಡಿತು, ರೋಗ ಹತ್ತಿದ್ದು ಅದರ ದಾರಿಯಾಗಿ. ಕೂಸಪ್ಪ ಉಳಿದ ಎರಡರ ಬುಡದ ಮಣ್ಣನ್ನು ಬೆರಳಿನಿಂದ ಕೆರೆದು, ಗಂಟು ಗಾಳಿಗೆ ಕಾಣುವ ಹಾಗೆ ಮಾಡಿ, ಸುತ್ತ ಕಲ್ಲು ಇಟ್ಟ.

ಮುಂದೆ ಹೂ ಬಂತು. ಬಂದ ಹೂ ಉದುರಿತು. ಎರಡನೆಯ ಗೊಂಚಲೂ ಉದುರಿತು. ಫೆಬ್ರವರಿ ಹುಟ್ಟಿ ಐದು ದಿನ. ಮಧ್ಯಾಹ್ನ ಮುರಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಇನ್ನು ಹತ್ತು ಹನ್ನೆರಡು ಬೆಳಗಿನಲ್ಲಿ ಮಾತ್ರ ತಂಪು ಇದೆ ಎಂದು ಅವನ ಅಂದಾಜು. ಪಡುವಣ ಬಿಸಿಲಿಗೆ ತೆಂಗಿನ ಮಡಲು ನೆಟ್ಟು ಮರೆ ಮಾಡಿದ. ಬುಡಕ್ಕೆ ಒಣಗಿದ ಎಲೆ ದಪ್ಪ ಹಾಸಿದ. ಸಂಜೆ ಗೋಣಿಚೀಲ ಒದ್ದೆ ಮಾಡಿ ಮಡಲಿನ ಮೇಲೆ ಹೊದೆಸಿದ.

"ಅಪ್ಪ, ಹೂ ಅಲುಗಾಡಬೇಕಂತೆ" ಎಂದಳು ಸ್ವರ್ಣಲತಾ ಫೋನಿನಲ್ಲಿ. "ಒಳಗಿನ ಹುಡಿ ಉದುರಬೇಕು. ಹೊರದೇಶದಲ್ಲಿ ಬ್ಯಾಟರಿಯ ಹಲ್ಲುಜ್ಜುವ ಬ್ರಶ್ಶು ಹಿಡೀತಾರೆ. ನಾನು ಒಂದು ತರ್ಲಾ?"

ಕೂಸಪ್ಪ ಜೋರಾಗಿ ನಕ್ಕ. "ಬೇಡ ಮಗಾ. ಹೂವಿಗೆ ತಟ್ಟಿ ತಟ್ಟಿಯೇ ನಿನ್ನನ್ನು ಓದಿಸಿದ್ದು."

ಹೊಂಬಾಳೆಯನ್ನು ಹದ ಮಾಡಲು ಅದಕ್ಕೆ ಸುತ್ತ ಮೆಲ್ಲಗೆ ತಟ್ಟಬೇಕು. ಪೆಟ್ಟು ತಾಗಬೇಕು, ನೋವಾಗಬಾರದು. ಆ ಕೈ ಇಲ್ಲಿ ಕೆಲಸಕ್ಕೆ ಬಂತು. ಬೆಳಕು ಹರಿದು ಎಲೆಯ ಇಬ್ಬನಿ ಆರುವಷ್ಟರಲ್ಲಿ, ತಂಪು ಇನ್ನೂ ಇರುವಾಗಲೇ ಗೊಂಚಲಿನ ತೊಟ್ಟಿಗೆ ನಡುಬೆರಳಿನಿಂದ ತಟ್ಟಿದ. ಮೂರು ಸಲ, ಬಿಟ್ಟು ಮತ್ತೆ ಮೂರು ಸಲ. ಹಳದಿ ಹುಡಿ ಉಗುರಿನ ಮೇಲೆ ಬಿತ್ತು. ಹತ್ತು ಬೆಳಗು ತಪ್ಪಿಸಲಿಲ್ಲ. ನೆಂಟರ ಮನೆಯ ಮದುವೆಗೆ ಸುಂದರಿಯೊಬ್ಬಳನ್ನೇ ಕಳಿಸಿದ.

ಒಂದು ಗಿಡದಲ್ಲಿ ಏನೂ ನಿಲ್ಲಲಿಲ್ಲ. ಇನ್ನೊಂದರ ಮೂರನೆಯ ಗೊಂಚಲಿನಲ್ಲಿ ಹೂವಿನ ತೊಟ್ಟು ಹಳದಿಯಾಗುವ ಬದಲು ದಪ್ಪವಾಯಿತು. ಸಾಸಿವೆಯಷ್ಟು, ಕಾಳುಮೆಣಸಿನಷ್ಟು, ನೆಲ್ಲಿಯಷ್ಟು. ಒಟ್ಟು ನಾಲ್ಕು ಕಾಯಿ.

ಮಾರ್ಚಿನ ನಡುವೆ ಮೊದಲನೆಯದು ಕೆಂಪಾಯಿತು. ಸುಂದರಿ ಪಾತ್ರೆ ಹಿಡಿದು ಬಂದಳು. "ಬಂಗುಡೆ ಉಂಟು ಇವತ್ತು. ಒಂದು ಕೊಡಿ, ರುಚಿಗೆ."

"ಇಲ್ಲ."

"ಗಂಟು ಹಾಕಿದವಳಿಗೂ ಇಲ್ವಾ?"

"ಯಾರಿಗೂ ಇಲ್ಲ. ನನಗೂ ಇಲ್ಲ."

ಗಿಡದಲ್ಲಿಯೇ ಮೆತ್ತಗಾಗುವ ತನಕ ಬಿಟ್ಟ. ಕಾಗೆ ಬಾರದ ಹಾಗೆ ಹಳೆಯ ಬಲೆಯ ತುಂಡು ಕಟ್ಟಿದ. ನಾಲ್ಕನ್ನೂ ಕೊಯ್ದು, ಒಡೆದು, ಬೀಜವನ್ನು ರಸದ ಸಹಿತ ತೆಂಗಿನ ಚಿಪ್ಪಿನಲ್ಲಿ ಎರಡು ದಿನ ಹುಳಿಯಲು ಇಟ್ಟ. ಬೀಜ ಬಿಟ್ಟ ಸಿಪ್ಪೆ ಮಾತ್ರ ಸುಂದರಿಯ ಪಾತ್ರೆಗೆ ಹೋಯಿತು. ಅವಳು ಅದನ್ನೇ ಮೀನಿನ ಸಾರಿಗೆ ಹಾಕಿದಳು. ಒಂದು ತುತ್ತು ಬಾಯಿಗಿಟ್ಟ ಕೂಸಪ್ಪನ ಒಂದು ಕಣ್ಣು ಮುಚ್ಚಿಕೊಂಡಿತು. "ಅದೇ" ಎಂದ.

ತೊಳೆದ ಬೀಜವನ್ನು ಅಡಿಕೆ ಹಾಳೆಯ ಮೇಲೆ ನೆರಳಿನಲ್ಲಿ ಹರಡಿ ಒಣಗಿಸಿದ. ಈ ಸಲ ಎಣಿಸಲು ಹೋಗಲಿಲ್ಲ. ಇನ್ನೂರಕ್ಕೆ ಕಡಿಮೆ ಇರಲಿಲ್ಲ. ಕಾಗದ ಹರಿದು ಮೂರು ಪೊಟ್ಟಣ ಮಾಡಿದ. ಒಂದು ಮನೆಗೆ. ಒಂದು ಮಣಿಪಾಲಕ್ಕೆ, ಸ್ವರ್ಣಲತಾಳ ಫ್ರಿಜ್ಜಿಗೆ. ಮೂರನೆಯದನ್ನು ಹಿಡಿದುಕೊಂಡು ಪಾಗಾರದ ಹತ್ತಿರ ಹೋಗಿ ಕರೆದ.

"ಪೊರ್ಬುಗಳೇ, ಇದು ನಿಮಗೆ."

ಸಿಲ್ವೆಸ್ಟರ್ ಪೊಟ್ಟಣವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ತಮಾಷೆಯ ಮಾತು ಬಾಯಿಯ ತನಕ ಬಂದದ್ದು ಕಂಡಿತು, ಹೊರಗೆ ಬರಲಿಲ್ಲ. "ನನ್ನ ಮಣ್ಣಿನಲ್ಲಿಯೂ ಬದನೆ ಬಾಡ್ತದೆ ಕೂಸಪ್ಪಣ್ಣ. ಇದು ನನ್ನ ಕೈಯಲ್ಲಿ ಸತ್ತು ಹೋದ್ರೆ?"

"ಅದಕ್ಕೇ ಕುದನೆಯ ಬೀಜ ಈಗಲೇ ಹಾಕಬೇಕು. ಮಳೆಗಾಲದಲ್ಲಿ ಬೇರು ಬಲಿಯಲಿ. ಚಳಿ ಬಂದ ಮೇಲೆ ರಸ್ತೆ ಬದಿ ಹುಡುಕುತ್ತಾ ಹೋದ್ರೆ ಈ ವರ್ಷದ ಹಾಗೆ ಒಂದು ತಿಂಗಳು ಹಿಂದೆ ಬೀಳ್ತೇವೆ."

"ಈಗಲೇ ಅಂದ್ರೆ, ಈ ಬಿಸಿಲಿಗಾ?"

ಕೂಸಪ್ಪ ತಲೆಗೆ ಬೈರಾಸು ಸುತ್ತಿಕೊಂಡು ಆಗಲೇ ಗೇಟಿನ ಹೊರಗಿದ್ದ. ಸಿಲ್ವೆಸ್ಟರ್ ಗೊಣಗುತ್ತಾ ಚಪ್ಪಲಿ ಮೆಟ್ಟಿಕೊಂಡ. ರಸ್ತೆ ಬದಿಯ ಚರಂಡಿಯ ಆಚೆ ಕುದನೆಯ ಪೊದೆಯೊಂದು ಧೂಳು ಹೊದ್ದು ನಿಂತಿತ್ತು, ಹಸಿರು ಕಾಯಿಗಳ ನಡುವೆ ಅಲ್ಲೊಂದು ಇಲ್ಲೊಂದು ಹಣ್ಣಾಗಿ ಹಳದಿ ತಿರುಗಿತ್ತು.

"ಹಳದಿಯದ್ದು ಮಾತ್ರ" ಎಂದ ಕೂಸಪ್ಪ, ಮುಳ್ಳಿನ ಕೊಂಬೆಯನ್ನು ಬಗ್ಗಿಸಿ ಹಿಡಿದು. "ನೀವು ಕೊಯ್ಯಿರಿ. ನಾನು ಹಿಡಿದಿರ್ತೇನೆ."